ಮೊದಲ ಸಾವಿರ ಕಿಲೋಮೀಟರ್

ಅಪ್ಪನ ಕೈಯಲ್ಲಿ ಮೂರು ಕಾರುಗಳು ಓಡಿದವು, ಮೂರೂ ಸೆಕೆಂಡ್ ಹ್ಯಾಂಡ್. ಮೊದಲನೆಯದನ್ನು ಬೆನ್ಸನ್ ಟೌನಿನ ಡಾಕ್ಟರೊಬ್ಬರು ಸಾಕುಸಾಕಾಗುವಷ್ಟು ವರ್ಷ ಓಡಿಸಿ ಮಾರಿದ್ದರು. ಮಿಕ್ಕೆರಡು ಎಷ್ಟು ಕೈ ದಾಟಿ ನಮ್ಮ ಜೋಗುಪಾಳ್ಯದ ಓಣಿಗೆ ಬಂದವೋ ದೇವರಿಗೇ ಗೊತ್ತು. ಮೂರರ ಮೇಲೂ ಅಪ್ಪನ ದೂರು ಒಂದೇ: "ಶುರೂಲೇ ಕೆಡಿಸ್ಬಿಟ್ಟಿದಾರೆ ಕಣಮ್ಮ." ಅವರ ಪ್ರಕಾರ ಎಂಜಿನ್ನಿನ ಗುಣ ನಿರ್ಧಾರವಾಗುವುದು ಮೊದಲ ಸಾವಿರ ಕಿಲೋಮೀಟರಿನಲ್ಲಿ. ಒಳಗಿನ ಪಿಸ್ಟನ್ ರಿಂಗುಗಳೂ ಸಿಲಿಂಡರಿನ ಗೋಡೆಯೂ ಉಜ್ಜಿಕೊಂಡು ಒಂದಕ್ಕೊಂದು ಹೊಂದಿಕೊಳ್ಳುವುದು ಆಗಲೇ. ಆಗ ಅವಸರಪಟ್ಟರೆ ಆಮೇಲೆ ಯಾವ ಮೆಕ್ಯಾನಿಕ್ ಬಂದರೂ ಸರಿಹೋಗುವುದಿಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?" ಎನ್ನುವರು. ಈ ಸಿದ್ಧಾಂತವನ್ನು ಅವರು ಮಕ್ಕಳ ಮೇಲೂ ಪ್ರಯೋಗಿಸಿದ್ದರು. ಆ ಗಾದೆ ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಒಂದು ಹೊಸ ಎಂಜಿನ್ನನ್ನು ಮೊದಲ ದಿನದಿಂದ ತಾವೇ ಪಳಗಿಸಬೇಕು ಎನ್ನುವುದು ಅವರ ಬದುಕಿನ ದೊಡ್ಡ ಆಸೆ. ಎಪ್ಪತ್ತು ದಾಟಿದ ಮೇಲೆ ಅದಕ್ಕೆ ಕಾಲ ಕೂಡಿಬಂತು, ಕಾರು ಬುಕ್ ಮಾಡಿದರು. ಅದು ಬರುವುದು ತಿಂಗಳುಗಟ್ಟಲೆ ತಡವಾಯಿತು. ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ದೃಷ್ಟಿಯ ನಟ್ಟನಡುವೆ ಒಂದು ಮಸುಕು. ನೋಡಬೇಕಾದ್ದು ಬಿಟ್ಟು ಅದರ ಅಕ್ಕಪಕ್ಕದ್ದೆಲ್ಲ ಕಾಣುತ್ತಿತ್ತು. ಇನ್ನು ಸ್ಟೀರಿಂಗ್ ಮುಟ್ಟಲೇಬೇಡಿ ಎಂದು ಡಾಕ್ಟರು ಮುಖಕ್ಕೇ ಹೇಳಿದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

ಬುಕಿಂಗ್ ರದ್ದು ಮಾಡೋಣ ಎಂದ ನನ್ನ ತಮ್ಮ. ಅಪ್ಪ ನನ್ನ ಕಡೆ ಕೈ ತೋರಿಸಿದರು. "ಇವಳಿಗೆ ಲೈಸೆನ್ಸ್ ಇದೆಯಲ್ಲ. ಓಡಿಸ್ತಾಳೆ ಬಿಡು."

ಲೈಸೆನ್ಸ್ ಇದ್ದದ್ದು ನಿಜ, ಧೈರ್ಯ ಇರಲಿಲ್ಲ. ಡ್ರೈವಿಂಗ್ ಸ್ಕೂಲು ಮುಗಿಸಿದ ಮೇಲೆ ನಾನು ಸ್ಟೀರಿಂಗ್ ಹಿಡಿದದ್ದೇ ಇಲ್ಲ. ಕಾಕ್ಸ್ ಟೌನಿನ ಶಾಲೆಗೆ ಪಾಠ ಹೇಳಲು ಹೋಗಿಬರುವುದಕ್ಕೆ ಬಸ್ಸೋ ಆಟೋವೋ ಸಾಕಾಗಿತ್ತು. ನಿನಗೆ ಇಷ್ಟವಾ ಎಂದು ಅಪ್ಪ ಕೇಳಲಿಲ್ಲ. ಅವರು ಯಾವತ್ತೂ ಕೇಳಿದವರಲ್ಲ. ಷರತ್ತನ್ನು ಮಾತ್ರ ಹೇಳಿದರು. "ಸಾವಿರ ಕಿಲೋಮೀಟರ್ ಆಗೋವರ್ಗೂ ನಾನು ಪಕ್ಕದಲ್ಲಿ ಕೂತ್ಕೋತೀನಿ. ಆಮೇಲೆ ಕಾರು ನಿಂದು. ನಂಗೂ ಅದಕ್ಕೂ ಸಂಬಂಧ ಇಲ್ಲ."

ಅವರು ಹಾಗೆಂದರೆ ಹಾಗೇ. ಫ್ಯಾಕ್ಟರಿಯಿಂದ ರಿಟೈರಾದ ಮರುದಿನದಿಂದ ಆ ಗೇಟಿನ ದಾರಿಯನ್ನೇ ತುಳಿಯದವರು. ಅಮ್ಮ ತೀರಿಕೊಂಡ ಮೇಲಂತೂ ಅವರು ಯಾರೊಂದಿಗೂ ಜಗಳವಾಡುತ್ತಿರಲಿಲ್ಲ, ನನಗೆ ಅದೇ ಹೆದರಿಕೆಯಾಗಿತ್ತು. ಈ ಕಾರೊಂದೇ ಅವರನ್ನು ಇನ್ನೂ ಎಬ್ಬಿಸಿ ಕೂರಿಸುತ್ತಿದ್ದ ವಿಷಯ. ಸಾವಿರ ಮುಗಿದರೆ ವರಾಂಡದ ಕುರ್ಚಿಯಲ್ಲಿ ಕೂತವರು ಮತ್ತೆ ಏಳುವುದಿಲ್ಲ ಎಂದು ನನಗೆ ಅವತ್ತೇ ಅನ್ನಿಸಿತ್ತು.

ಕಾರು ಬಂದ ದಿನ ಹಲಸೂರಿನ ದೇವಸ್ಥಾನದ ಮುಂದೆ ಪೂಜೆಯಾಯಿತು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದೂ ಆಯಿತು. ಹೊಸ ಗಾಡಿ ಬಂದರೆ ನೆಂಟರನ್ನೆಲ್ಲ ಕೂರಿಸಿಕೊಂಡು ಒಂದು ಸುತ್ತು ಬರುವುದು ನಮ್ಮಲ್ಲಿ ಪದ್ಧತಿ. ಮೂವರು ಸೋದರತ್ತೆಯರು ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಹಿಂದಿನ ಬಾಗಿಲು ತೆಗೆದರು. ಅಪ್ಪ ಅಡ್ಡ ನಿಂತರು. "ಲೋಡ್ ಹಾಕಂಗಿಲ್ಲ. ಎಂಜಿನ್ ಇನ್ನೂ ಎಳೇದು."

ಲೋಡು ಎಂದದ್ದು ಯಾರನ್ನು ಎಂದು ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಆಟೋ ಹಿಡಿದರು. ದೊಡ್ಡತ್ತೆ ಹತ್ತುವಾಗ, "ನಿನ್ನ ಕಾರಿನ ಬಾಣಂತನ ಮುಗಿದ್ಮೇಲೆ ಹೇಳಿ ಕಳ್ಸಪ್ಪ, ಬರ್ತೀವಿ" ಎಂದು ಅಪ್ಪನಿಗೆ ಚುಚ್ಚಿಯೇ ಹೋದರು.

ಅಷ್ಟು ಸಾಲದೆಂದು ಅಪ್ಪ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ 'ಹೊಸ ಎಂಜಿನ್, ಮುಂದೆ ಹೋಗಿ' ಎಂದು ಬರೆದು ಹಿಂದಿನ ಗಾಜಿಗೆ ಅಂಟಿಸಿದರು. ಅವರ ಕಾಲದಲ್ಲಿ ಹೊಸ ಕಾರುಗಳಿಗೆ ಅಂಥ ಬೋರ್ಡು ಇರುತ್ತಿತ್ತಂತೆ. ಇಂದಿರಾನಗರದ ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ನನ್ನ ಕಿಟಕಿಯ ಪಕ್ಕಕ್ಕೆ ಬಂದು, "ಆಂಟಿ, ಹೊಸದು ಎಂಜಿನ್ನಾ, ಡ್ರೈವರ್ರಾ?" ಎಂದು ಕೇಳಿದ. ನಾನು ಉರಿದುಬಿದ್ದೆ. ಅಪ್ಪ ಮಾತ್ರ ತುಂಬ ದಿನಗಳ ಮೇಲೆ ಬಾಯಿತುಂಬ ನಕ್ಕರು. "ಎರಡೂ ಅನ್ನು."

ಟ್ರಾಫಿಕ್ಕಿನಲ್ಲಿ ನಿಂತಲ್ಲೇ ಗುರುಗುಟ್ಟಿಸುವುದು ಹೊಸ ಎಂಜಿನ್ನಿಗೆ ಒಳ್ಳೆಯದಲ್ಲ ಎಂದು ಬೆಳಕು ಹರಿಯುವ ಹೊತ್ತಿಗೇ ಹೊರಡುತ್ತಿದ್ದೆವು. ಹಳೇ ಮದ್ರಾಸ್ ರಸ್ತೆ ಹಿಡಿದು ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆ ದಾಟಿ ಇನ್ನಷ್ಟು ಮುಂದೆ ಹೋಗಿ ತಿರುಗಿಸಿಕೊಂಡು ಬರುವುದು. ಒಂದೇ ವೇಗದಲ್ಲಿ ಹೋಗಬಾರದು, ಏರಿಸುತ್ತ ಇಳಿಸುತ್ತ ಇರಬೇಕು. ಜೋರಾಗಿ ತುಳಿಯಬಾರದು. ಹಾಗೆಂದು ದೊಡ್ಡ ಗೇರಿನಲ್ಲಿ ಹಾಕಿ ತಿಣುಕಾಡಿಸಲೂ ಬಾರದು. ಅಪ್ಪನಿಗೆ ಮೀಟರ್ ಕಾಣುತ್ತಿರಲಿಲ್ಲ; ಎಲ್ಲವನ್ನೂ ಕಿವಿಯಿಂದಲೇ ತಿಳಿಯುತ್ತಿದ್ದರು. "ಅಳ್ತಿದೆ, ಗೇರ್ ಇಳ್ಸು." "ಈಗ ಕಿರುಚ್ತಿದೆ, ಮೂರನೇದು ಹಾಕು." ನನಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ ಟಿನ್ ಫ್ಯಾಕ್ಟರಿಯ ಹತ್ತಿರ ನೀರಿನ ಟ್ಯಾಂಕರೊಂದು ಮೈಮೇಲೆ ಬಂದ ಹಾಗೆ ಬಂತು. ಗಾಬರಿಯಲ್ಲಿ ಕ್ಲಚ್ಚು, ಆಕ್ಸಿಲರೇಟರು ಎರಡನ್ನೂ ಒಟ್ಟಿಗೆ ಒತ್ತಿಬಿಟ್ಟೆ. ಎಂಜಿನ್ ಊಳಿಟ್ಟಿತು. ತಮಗೇ ಪೆಟ್ಟು ಬಿದ್ದವರಂತೆ ಅಪ್ಪ ಕಣ್ಣು ಮುಚ್ಚಿಕೊಂಡರು. ಇಷ್ಟು ವರ್ಷ ಕಾದು ಸಿಕ್ಕಿದ ಒಂದೇ ಒಂದು ಎಂಜಿನ್, ಅದನ್ನೂ ನಾನು ಹಾಳು ಮಾಡುತ್ತಿದ್ದೆ.

ಕಾರನ್ನು ಪಕ್ಕಕ್ಕೆ ನಿಲ್ಲಿಸಿ, "ನನ್ನ ಕೈಲಾಗಲ್ಲ ಅಪ್ಪ. ಯಾರಾದ್ರೂ ಡ್ರೈವರ್ ಇಟ್ಕೊಳ್ಳಿ" ಎಂದೆ.

ಬೈಗುಳಕ್ಕೆ ಸಿದ್ಧಳಾಗಿದ್ದೆ, ಬರಲಿಲ್ಲ. "ನಿಮ್ಮ ತಾತ ಹೊಸ ಹೋರೀನ ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ಟೋರು," ಎಂದರು. ಈಗ ಇಂದಿರಾನಗರದ ಅಂಗಡಿ ಸಾಲುಗಳಿರುವ ಕಡೆ ತಾತನ ರಾಗಿ ಹೊಲವಿತ್ತು. "ಹೋರಿ ಎಗರಾಡೋದು. ಹಳೇದು ಸುಮ್ನೆ ನಡೀತಾ ಇರೋದು. ಅಷ್ಟೇ, ಕಲ್ತ್ಕೊಳ್ಳೋದು."

"ಈ ಹಳೇ ಎತ್ತು ಸುಮ್ನಿರಲ್ವಲ್ಲ!" ಎಂದುಬಿಟ್ಟೆ.

ಮರುದಿನದಿಂದ ಅಪ್ಪನ ಗೇರಿನ ಮಾತು ಅರ್ಧಕ್ಕರ್ಧ ಕಡಿಮೆಯಾಯಿತು.

ಆ ಜಾಗದಲ್ಲಿ ಬೇರೆ ಮಾತು ಬಂತು. ಅಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹಲಸೂರು ಕೆರೆಯ ಏರಿ ಸುತ್ತಿದ್ದು, ಮನೆಯಲ್ಲಿ ಸಿಕ್ಕಿಬಿದ್ದು ಬೈಸಿಕೊಂಡದ್ದು. ನಾನು ಕೇಳದೇ ಇದ್ದ ಸಂಗತಿಗಳು. ಒಂದು ದಿನ ತೂಗುಸೇತುವೆಯ ಮೇಲೆ, ನಾನೇ ಗೇರ್ ಇಳಿಸಿ ಮತ್ತೆ ಏರಿಸಿದ ಮೇಲೆ, ಕಿಟಕಿಯಾಚೆ ನೋಡುತ್ತ, "ನಿಮ್ಮಿಬ್ಬರನ್ನೂ ಚಿಕ್ಕೋರಿದ್ದಾಗ ಜಾಸ್ತಿ ತುಳಿದ್ಬಿಟ್ಟೆ ಅನ್ಸುತ್ತೆ ಕಣಮ್ಮ" ಎಂದರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇದನ್ನೇ ಮೂವತ್ತು ವರ್ಷ ಮೊದಲು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೂ ಆ ಬೆಳಗನ್ನು ನಾನು ಯಾವುದಕ್ಕೂ ಬದಲು ಕೊಡಲಾರೆ.

ದಿನಾ ಮನೆ ಮುಟ್ಟಿದಾಗ "ಎಷ್ಟಾಯ್ತು?" ಎನ್ನುವರು. ನಾನು ಮೀಟರ್ ಓದಿ ಹೇಳುತ್ತಿದ್ದೆ. ಏಳುನೂರು ದಾಟಿದ ಮೇಲೆ ಅವರು ಮತ್ತೆ ಮಾತು ಕಡಿಮೆ ಮಾಡಿದರು. ಒಂಬೈನೂರಕ್ಕೆ ಬಂದಾಗ, "ಇನ್ನೇನು, ಮುಗೀತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಅದಾಗಿ ಕೆಲವು ದಿನಕ್ಕೆ ಓಣಿಯಲ್ಲಿ ಕಾರು ನಿಲ್ಲಿಸಿದಾಗ ಮೀಟರ್ ಸಾವಿರ ದಾಟಿತ್ತು.

"ಎಷ್ಟಾಯ್ತು?"

"ಒಂಬೈನೂರ ಅರವತ್ತು," ಎಂದೆ. ಬಾಯಿಗೆ ಹೇಗೆ ಬಂತೋ.

ಅಪ್ಪ, "ಹಾಗಾದ್ರೆ ನಾಳೇನೂ ಹೋಗ್ಬೇಕು" ಎಂದರು. ಮರುದಿನ ಒಂಬೈನೂರ ಎಪ್ಪತ್ತು ಎಂದೆ. ಹೋಗಿಬಂದರೆ ಇಪ್ಪತ್ತು ಕಿಲೋಮೀಟರ್ ದಾಟುವ ಆ ದಾರಿಯ ಉದ್ದ ಚೆನ್ನಾಗಿ ಬಲ್ಲವರು ಅವರು. ನಂಬಿದರೋ ಇಲ್ಲವೋ, ಮುಖ ನೋಡಿದರೆ ತಿಳಿಯಲಿಲ್ಲ.

ಸಾವಿರಕ್ಕೆ ಆಯಿಲ್ ಬದಲಾಯಿಸಲೇಬೇಕು, ಉಜ್ಜಿದ ಲೋಹದ ಪುಡಿ ಅದರಲ್ಲಿ ಸೇರಿರುತ್ತದೆ ಎನ್ನುವುದೂ ಅಪ್ಪನದೇ ಕಟ್ಟಳೆ. ಎಂಜಿನ್ನಿಗೆ ಅನ್ಯಾಯ ಮಾಡುವ ಮನಸ್ಸಾಗಲಿಲ್ಲ. ಭಾನುವಾರ ಅವರು ಊಟ ಮಾಡಿ ಮಲಗಿದ ಹೊತ್ತಿನಲ್ಲಿ, ಕಳ್ಳಿಯ ಹಾಗೆ ಕಾರು ಹೊರಗೆ ತೆಗೆದು, ಗ್ಯಾರೇಜಿಗೆ ಹೋಗಿ ಬದಲಾಯಿಸಿಕೊಂಡು ಬಂದೆ. ನಾನೊಬ್ಬಳೇ ಕಾರು ಓಡಿಸಿದ್ದು ಅದೇ ಮೊದಲು. ಹೆದರುವುದು ಮರೆತೇಹೋಗಿತ್ತು.

ಸೋಮವಾರ ಬೆಳಿಗ್ಗೆ ಎಂದಿನಂತೆ ಹೊರಟೆವು. ಬೈಯಪ್ಪನಹಳ್ಳಿ ದಾಟುವವರೆಗೂ ಅಪ್ಪ ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳುತ್ತ ಕೂತಿದ್ದರು. ಆಮೇಲೆ ಹೇಳಿದರು: "ಆಯಿಲ್ ಹೊಸದು."

ನಾನು ರಸ್ತೆಯನ್ನೇ ನೋಡಿದೆ. ಅವರೂ ನನ್ನ ಕಡೆ ತಿರುಗಲಿಲ್ಲ.

"ಎಷ್ಟಾಯ್ತು?" ಎಂದು ಕೇಳಿದರು.

"ಒಂಬೈನೂರ ಎಂಬತ್ತು."

"ಹೂಂ," ಎಂದರು ಅಪ್ಪ. "ಅವಸರ ಏನಿಲ್ಲ. ನಿಧಾನಕ್ಕೆ ಆಗ್ಲಿ."