ಭೌತಶಾಸ್ತ್ರ ಪುರಾಣದ ಕೊನೆಯ ಹಾಳೆ

ನಮ್ಮ ಮನೆಯಲ್ಲಿ ಓದುವುದೆಂದರೆ ಬಾಯಿಬಿಟ್ಟು ಓದುವುದು. ಪಡಸಾಲೆಯಲ್ಲಿ ಕುಳಿತವರಿಗೆ ದನಿ ಕೇಳಿಸದಿದ್ದರೆ ಹುಡುಗಿ ಪುಸ್ತಕ ಮುಂದಿಟ್ಟುಕೊಂಡು ತೂಕಡಿಸುತ್ತಿದ್ದಾಳೆ ಎಂದೇ ಅರ್ಥ. ಹೀಗಾಗಿ ಎಂಬತ್ತರ ದಶಕದ ಕೊನೆಯಲ್ಲಿ ನಾನು ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದಾಗ ಭೌತಶಾಸ್ತ್ರವನ್ನೂ ಬ್ಯಾಡಗಿಯ ನಮ್ಮ ಓಣಿಗೆಲ್ಲ ಕೇಳುವಂತೆಯೇ ಓದಿದೆ. ಅದೂ ಇಂಗ್ಲಿಷಿನಲ್ಲಿ. ಹತ್ತನೆಯ ಇಯತ್ತೆಯ ತನಕ ಕನ್ನಡದಲ್ಲೇ ಕಲಿತ ಬಾಯಿ ಅದು. ನಾನು ಶುರು ಮಾಡಿದರೆ ಎದುರು ಮನೆಯ ನಾಯಿ ಕೂಡ ಎದ್ದು ಬೇರೆ ಕಡೆ ಹೋಗಿ ಮಲಗುತ್ತಿತ್ತು.

ಕಾಲೇಜು ದಾವಣಗೆರೆಯಲ್ಲಿತ್ತು. ಮುಂಜಾನೆಯ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆ ತಿರುಗಿ ಬರುವುದು. ರೈಲು ರಾಣೇಬೆನ್ನೂರಿನಲ್ಲಿ ನಿಲ್ಲುವ ಹೊತ್ತಿಗೆ ಅವ್ವ ಮಧ್ಯಾಹ್ನಕ್ಕೆಂದು ಕಟ್ಟಿಕೊಟ್ಟ ರೊಟ್ಟಿ ನನ್ನ ಹೊಟ್ಟೆ ಸೇರಿರುತ್ತಿತ್ತು. ಅಪ್ಪನಿಗೆ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಚೀಲಕ್ಕೆ ಕೈ ಹಾಕಿ ಒಂದು ಕಾಯಿ ಮುರಿದು ನೋಡಿ ಇಡೀ ರಾಶಿಯ ಹಣೆಬರಹ ಹೇಳುವ ಮನುಷ್ಯ. ನನ್ನ ಓದಿನ ವಿಷಯಕ್ಕೂ ಅದೇ ನ್ಯಾಯ: ಒಂದು ವರ್ಷ ಹೋಗಲಿ, ಆಮೇಲೆ ನೋಡೋಣ ಎಂದಿದ್ದ. ನೋಡುವುದೆಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಳ್ಳೆಯ ಸಂಬಂಧ ಬಂದರೆ ಕಾಲೇಜಿಗೆ ಶರಣು ಹೊಡೆದು ಮದುವೆಯಾಗಬೇಕು, ಅಷ್ಟೇ.

ಅಪ್ಪನ ಅವ್ವನನ್ನು ನಾವು ಆಯಿ ಎನ್ನುತ್ತಿದ್ದೆವು. ಶ್ರಾವಣ ಬಂತೆಂದರೆ ಆಯಿ ತಪ್ಪದೆ ಮಠಕ್ಕೆ ಪುರಾಣ ಕೇಳಲು ಹೋಗುವವಳು. ಅಲ್ಲಿ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಎಲ್ಲ ಮುಗಿದ ದಿನ ಮಂಗಲ. ಆ ವರ್ಷ ಅವಳ ಮೊಣಕಾಲು ಹಿಡಿದು ಮಠದ ತನಕ ನಡೆಯಲು ಆಗಲಿಲ್ಲ. ಪುರಾಣವಿಲ್ಲದ ಸಂಜೆಗಳು ಅವಳಿಗೆ ಉಪ್ಪಿಲ್ಲದ ಊಟ. ಒಂದು ದಿನ ನನ್ನ ಓದಿನ ಗದ್ದಲ ಕೇಳಿ ಕೇಳಿ ಸಾಕಾಗಿ ನನ್ನನ್ನು ಪಡಸಾಲೆಗೆ ಕರೆದಳು.

"ದಿನಾ ಒಬ್ಬಾಕಿನ ಒದರತೀದಿ. ಅದನ್ನ ಇಲ್ಲಿ ಕುಂತು ನಾಕು ಮಂದಿಗೆ ತಿಳಿಯೂಹಂಗ ಓದು. ಓದಿ, ಅರ್ಥಾ ಹೇಳು" ಎಂದಳು.

ತಮಾಷೆ ಎಂದುಕೊಂಡೆ. ಆದರೆ ಮರುದಿನ ಕಾಲೇಜಿನಿಂದ ಬಂದು ನೋಡಿದರೆ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು, ಓಣಿಯ ನಾಲ್ಕೈದು ಹೆಂಗಸರು ಬಂದು ಕುಳಿತಿದ್ದರು. ಆಯಿ ದೀಪ ಹಚ್ಚಿ, ಕಾಯಿ ಒಡೆಸಿ, ನನ್ನ ಭೌತಶಾಸ್ತ್ರದ ದಪ್ಪ ಪುಸ್ತಕಕ್ಕೆ ವಿಭೂತಿ ಬಳಿದು ಕುಂಕುಮ ಏರಿಸಿಬಿಟ್ಟಳು. ವಿಜ್ಞಾನದ ಪುಸ್ತಕಕ್ಕೆ ಇದೆಂಥ ಅವತಾರ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು. ಕಾಲೇಜಿನಲ್ಲಿ ಆ ರಟ್ಟನ್ನು ಯಾರಿಗೂ ಕಾಣದ ಹಾಗೆ ಮುಚ್ಚಲು ಹಳೆಯ ಪೇಪರು ಹುಡುಕಿದ್ದು ನೆನಪಿದೆ.

ಆ ಪುಸ್ತಕದ ಮೊದಲರ್ಧ ಶಾಖ, ಶಕ್ತಿ. ಉಳಿದರ್ಧ ಲೋಹಗಳು, ವಸ್ತುಗಳ ಗುಣ. ಶಕ್ತಿಗೆ ಹುಟ್ಟಿಲ್ಲ, ಸಾವಿಲ್ಲ, ಅದು ರೂಪ ಮಾತ್ರ ಬದಲಿಸುತ್ತದೆ ಎಂದು ನಾನು ಅರ್ಥ ಹೇಳಿದ ಸಂಜೆ ಹೆಂಗಸರೆಲ್ಲ ಕೈಮುಗಿದರು. ಬೇಡವೆಂದರೂ ಕೇಳಲಿಲ್ಲ. ಕೊಟ್ಟ ಶಾಖದಲ್ಲಿ ಎಷ್ಟನ್ನು ಕೆಲಸವಾಗಿಸಲು ಸಾಧ್ಯವೋ ಅಷ್ಟನ್ನೂ ಕೆಲಸಕ್ಕೆ ಹಚ್ಚುವ ಆದರ್ಶ ಯಂತ್ರವೊಂದು ಬಂತು. ಅಂಥದ್ದು ಎಲ್ಲಿದೆ ಎಂದು ಆಯಿ ಕೇಳಿದಳು. ಎಲ್ಲಿಯೂ ಇಲ್ಲ, ಬೇರೆ ಯಂತ್ರಗಳನ್ನು ಅಳೆಯಲು ಬೇಕು ಎಂದೆ. ನಮ್ಮ ಪುರಾಣದ ಸತ್ಯವಂತ ರಾಜರೂ ಹಾಗೇ ಬಿಡು ಎಂದು ಒಪ್ಪಿಕೊಂಡಳು.

ಖರೆ ಹೇಳಬೇಕೆಂದರೆ ನಾನು ಭೌತಶಾಸ್ತ್ರ ಕಲಿತದ್ದು ಆ ಕಂಬಳಿಯ ಮೇಲೆ. ಅಲ್ಲಿಯವರೆಗೆ ಗಿಳಿಪಾಠ ಮಾಡುತ್ತಿದ್ದೆ. ಅರ್ಥ ಹೇಳಬೇಕಾದರೆ ಮೊದಲು ನನಗೆ ಅರ್ಥವಾಗಬೇಕಲ್ಲ. ತರಗತಿಯಲ್ಲಿ ಕುಳಿತಾಗಲೂ ಇದನ್ನು ಸಂಜೆ ಆಯಿಗೆ ಹೇಗೆ ಹೇಳಲಿ ಎಂಬುದೇ ಯೋಚನೆ. ಆ ಯೋಚನೆಯ ರುಚಿ ಹತ್ತಿಬಿಟ್ಟಿತು. ರೈಲಿನ ಕಿಟಕಿಯ ಪಕ್ಕ ಕುಳಿತು ಲೋಹ, ಶಾಖ, ಹರಳು ಎಂದು ಕನ್ನಡದಲ್ಲಿ ಗುನುಗುತ್ತ ಹೋಗುತ್ತಿದ್ದ ಆ ಹುಡುಗಿಯನ್ನು ನೆನೆದರೆ ಇವತ್ತಿಗೂ ಅವಳ ಮೇಲೆ ಪ್ರೀತಿ ಉಕ್ಕುತ್ತದೆ.

ಸಂಕ್ರಾಂತಿ ಕಳೆದು ಹೊಸ ಮೆಣಸಿನಕಾಯಿ ಬಂತು. ಪಡಸಾಲೆಯ ತುಂಬ ಕೆಂಪು ರಾಶಿ. ಹೆಂಗಸರು ತೊಟ್ಟು ಮುರಿಯುತ್ತ ಕೇಳುತ್ತಿದ್ದರು, ನಾನು ಸೀನುತ್ತ ಓದುತ್ತಿದ್ದೆ. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಕಬ್ಬಿಣದ ಸರಳಿಗೆ ಸಣ್ಣ ಸಣ್ಣ ಹೊರೆಯನ್ನೇ ಮತ್ತೆ ಮತ್ತೆ ಕೊಡುತ್ತಿದ್ದರೆ ಅದು ದಣಿದು ಒಂದು ದಿನ ಪಟ್ಟನೆ ಮುರಿಯುತ್ತದೆ ಎಂದು ಓದಿದಾಗ, ಗುತ್ತಲದಿಂದ ಸೊಸೆಯಾಗಿ ಬಂದಿದ್ದ ನೆರೆಮನೆಯವಳು ಕೈ ನಿಲ್ಲಿಸಿದಳು. "ಕಬ್ಬಿಣಾನೂ ದಣೀತೈತೇನು?" ಎಂದು ಕೇಳಿದಳು. ಹೌದೆಂದೆ. ಮತ್ತೊಂದು ಸಲ ಅದನ್ನೇ ಓದಿಸಿದಳು.

ಆ ದಿನಗಳಲ್ಲೇ ಹಾವೇರಿಯಿಂದ ಸಂಬಂಧ ಬಂತು. ಹುಡುಗನ ಮನೆಯವರದು ದೊಡ್ಡ ಬಟ್ಟೆ ಅಂಗಡಿ, ಊರಲ್ಲಿ ಒಳ್ಳೆಯ ಹೆಸರು. ಅವರಿಗೆ ಬೇಸಿಗೆಯಲ್ಲೇ ಮದುವೆಯಾಗಬೇಕು, ಹುಡುಗಿಯ ಓದು ಇಷ್ಟಕ್ಕೇ ಸಾಕು. ಅಪ್ಪ ಅಂಗಡಿಯಿಂದ ಬಂದವನೇ ಪಡಸಾಲೆಯಲ್ಲಿ ಎಲ್ಲರೆದುರು ಸಂತೋಷದಿಂದ ಈ ಸುದ್ದಿ ಹೇಳಿದ. ನನಗೆ ಮುಂದಿನ ಸಾಲು ಕಾಣಲಿಲ್ಲ. ಓಣಿಗೆಲ್ಲ ಕೇಳುವಂತೆ ಓದುತ್ತಿದ್ದವಳಿಗೆ ಬೇಡ ಎಂಬ ಒಂದು ಸ್ವಂತ ಮಾತು ಹೇಳಲು ದನಿಯೇ ಇರಲಿಲ್ಲ.

ಆಯಿ ತೊಟ್ಟು ಮುರಿಯುವುದನ್ನು ಬಿಡದೆ ಹೇಳಿದಳು: "ಮನಿತನ ಛಲೋ ಐತಿ. ಆದ್ರ ಹಚ್ಚಿದ ಪುರಾಣ ಮಂಗಲ ಆಗೂತನಾ ಈ ಮನ್ಯಾಗ ಮದುವಿ ಮಾತು ಬ್ಯಾಡ."

"ಅದು ಪುರಾಣ ಅಲ್ಲಬೇ, ಕಾಲೇಜಿನ ಪುಸ್ತಕ" ಎಂದ ಅಪ್ಪ.

"ದೀಪಾ ಹಚ್ಚೇನಿ, ಕಾಯಿ ಒಡಸೇನಿ. ಕೇಳಿದವರು ಇಲ್ಲೇ ಕುಂತಾರ. ಅರ್ಧಕ್ಕ ಬಿಡಸಾಂವ ನೀನಾದ್ರ ಬಿಡಸು."

ಊದಿನಕಡ್ಡಿ ಬೆಳಗದೆ ಅಂಗಡಿಯ ಗಾದಿ ಹತ್ತದ ಮನುಷ್ಯ ನಮ್ಮಪ್ಪ. ನಡುವೆ ಪುರಾಣ ನಿಲ್ಲಿಸಿದ ಮನೆಗೆ ಒಳಿತಾಗುವುದಿಲ್ಲ ಎಂಬ ಮಾತನ್ನು ಹಾಲು ಕುಡಿಯುವಾಗಿನಿಂದ ಕೇಳಿಕೊಂಡು ಬೆಳೆದವನು. ಹೆಂಗಸರ ಮುಖ ನೋಡಿದ. ಯಾರೂ ತಲೆ ಎತ್ತಲಿಲ್ಲ. ಮುಗಿದ ಮೇಲೆ ನೋಡೋಣ ಎಂದು ಒಳಗೆ ಹೋದ.

ಅಂದಿನಿಂದ ಆಯಿಗೆ ಕಿವಿ ಮಂದವಾಯಿತು. ಓದಿದ್ದನ್ನೇ ಮತ್ತೆ ಓದಿಸುವಳು, ತಿಳಿಯಲಿಲ್ಲ ಎನ್ನುವಳು. ಎಷ್ಟು ಎಳೆದರೂ ಪುಸ್ತಕ ಮುಗಿಯುತ್ತ ಬಂತು. ಪರೀಕ್ಷೆ ಹತ್ತಿರವಾದಾಗ ಉಳಿದದ್ದು ಒಂದೇ ಹಾಳೆ. ನಾನು ತಿರುವಿ ಓದಲು ಬಾಯಿ ತೆರೆದೆ. ಆಯಿ ಪುಸ್ತಕದ ಮೇಲೆ ಕೈ ಇಟ್ಟಳು.

"ಇದನ್ನ ಓದಬ್ಯಾಡ."

ಪರೀಕ್ಷೆಯಲ್ಲಿ ಬಂದರೆ ಏನು ಮಾಡಲಿ ಎಂದು ಕೇಳಿದೆ.

"ಒಳಗ ಹೋಗಿ ಮನಸಿನ್ಯಾಗ ಓದಕೋ. ಬಾಯಿಲೆ ಓದಬ್ಯಾಡ. ಮನಸಿನ್ಯಾಗ ಓದಿದ್ದು ಪುರಾಣಕ್ಕ ಸೇರಂಗಿಲ್ಲ."

ನಾನು ಹಾಗೆಯೇ ಓದಿ ತಂದುಕೊಟ್ಟ ಮೇಲೆ, ಆ ಹಾಳೆಯ ಗುರುತಿಗೆ ಒಂದು ಬಿಲ್ವಪತ್ರೆ ಇಟ್ಟು ಪುಸ್ತಕವನ್ನು ದೇವರ ಜಗಲಿಯ ಮೇಲೆ ಇಟ್ಟಳು. ನನ್ನ ಜೀವನದಲ್ಲಿ ಮೊದಲ ಸಲ ನಾನು ತುಟಿ ಅಲ್ಲಾಡಿಸದೆ ಓದಿದ್ದು ಆ ಹಾಳೆಯನ್ನೇ.

ಪರೀಕ್ಷೆ ಬರೆದೆ. ಅವ್ವ ಕದರಮಂಡಲಗಿಯ ಹನುಮಪ್ಪನಿಗೆ ಕಾಯಿ ಒಡೆಸಿಕೊಂಡು ಬಂದಳು. ಎಲ್ಲ ವಿಷಯಗಳಲ್ಲೂ ಪಾಸಾದೆ. ಹಾವೇರಿಯವರು ಕಾದು ಬೇಸತ್ತು ಬೇರೆ ಕಡೆ ಸಂಬಂಧ ಬೆಳೆಸಿದರು. ಎರಡನೆಯ ವರ್ಷ ಇನ್ನೊಂದು ಮನೆತನ ಬಂತು, ಮೂರನೆಯ ವರ್ಷ ಮತ್ತೊಂದು. ಪ್ರತಿ ಸಲವೂ ಆಯಿ ಜಗಲಿಯ ಕಡೆ ಕೈ ತೋರಿಸಿ, ಪುರಾಣ ಇನ್ನೂ ಮಂಗಲವಾಗಿಲ್ಲ ಎಂದಳು. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದ. ಅಪ್ಪ ಎಂಥ ಮುಗ್ಧ ಎಂದು ನಾನೂ ಅವ್ವನೂ ಅಡುಗೆಮನೆಯಲ್ಲಿ ನಗುತ್ತಿದ್ದೆವು.

ಕೊನೆಯ ವರ್ಷದ ಫಲಿತಾಂಶ ಬಂದ ದಿನ ಮಳೆಗಾಲ ಹತ್ತಿರವಿತ್ತು. ಮೆಣಸಿನಕಾಯಿ ಹಂಗಾಮು ಮುಗಿದು ಪಡಸಾಲೆ ಖಾಲಿ. ಅಪ್ಪ ಪೇಟೆಯಿಂದ ಒಂದು ತೆಂಗಿನಕಾಯಿ ತಂದ. ತಾನೇ ಕಂಬಳಿ ಹಾಸಿದ, ಓಣಿಯ ಹೆಂಗಸರನ್ನು ಕರೆಸಿದ, ಜಗಲಿಯ ಮೇಲಿಂದ ಪುಸ್ತಕ ಇಳಿಸಿ ನನ್ನ ಮುಂದೆ ಇಟ್ಟ.

"ಓದವಾ. ಒಂದ ಹಾಳಿ ಉಳದೈತಿ" ಎಂದ.

ನಾನು ಆಯಿಯ ಮುಖ ನೋಡಿದೆ, ಆಯಿ ಅಪ್ಪನ ಮುಖ ನೋಡಿದಳು.

"ದಿನಾ ಜಗಲಿ ಮುಂದ ಕುಂದ್ರಾಂವ ನಾನು. ಪುಸ್ತಕ ತಗದು ಪತ್ರಿ ಎಲ್ಲಿ ಐತಿ ಅಂತ ನೋಡಿರಲಿಲ್ಲೇನು? ಹೊಳ್ಳಿ ಅಲ್ಲೇ ಇಡತಿದ್ದೆ" ಎಂದು ಅಪ್ಪ ಗೋಡೆಗೆ ಒರಗಿ ಕುಳಿತ.

ಪುಸ್ತಕ ತೆರೆದೆ. ಬಿಲ್ವಪತ್ರೆ ಒಣಗಿ ಪುಡಿಯಾಗಿತ್ತು. ಹಾಳೆಯಲ್ಲಿ ಇದ್ದದ್ದು ಯಾವ ಲೋಹ ಎಷ್ಟು ತಾಪಮಾನಕ್ಕೆ ಕರಗುತ್ತದೆ ಎಂಬ ಕೋಷ್ಟಕ. ತವರ, ಸೀಸ, ತಾಮ್ರ ಎಂದು ಒಂದೊಂದಾಗಿ ಬಾಯಿಬಿಟ್ಟು ಓದಿ ಅರ್ಥ ಹೇಳಿದೆ. ಕಬ್ಬಿಣದ ಸಾಲು ಬಂದಾಗ, ಯಾರೂ ಕೇಳದಿದ್ದರೂ, ಅದನ್ನು ಎರಡು ಸಲ ಓದಿದೆ. ಅವತ್ತು ಪಡಸಾಲೆಯಲ್ಲಿ ಒಂದೇ ಒಂದು ಮೆಣಸಿನಕಾಯಿ ಇರಲಿಲ್ಲ. ಆದರೂ ಅಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.