ಕೂತಲ್ಲೇ ನಡೆದ ಮೂರು ತಿಂಗಳು

ಎಡಗಾಲಿನ ಚಪ್ಪಲಿ ಕಳಚಿ ಬಿದ್ದದ್ದು ನನಗೆ ಗೊತ್ತಾಗಲಿಲ್ಲ.

ತಾರಸಿಯಿಂದ ಒಣಗಿದ ಬಟ್ಟೆ ತೆಗೆದುಕೊಂಡು ಎರಡು ಅಂತಸ್ತು ಇಳಿದು ಬಂದಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡಲು ನಿಂತಾಗ ಸಿಂಚನಾ, ನೀನು ನಕ್ಕೆ. "ಅಜ್ಜಿ, ಒಂದೇ ಚಪ್ಪಲಿ ಹಾಕ್ಕೊಂಡಿದೀಯಲ್ಲ! ಇನ್ನೊಂದು ಎಲ್ಲೋಯ್ತು?" ಕೆಳಗೆ ನೋಡಿದೆ. ಎಡಗಾಲು ಬರಿದಾಗಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ. ತಾರಸಿಯ ಸಿಮೆಂಟು ಕಾದ ಹೆಂಚಿನ ಹಾಗಿತ್ತು. ಆ ಬಿಸಿ ನನ್ನ ಕಾಲಿಗೆ ಮುಟ್ಟಿರಲಿಲ್ಲ.

ನಾನೂ ನಿನ್ನ ಜೊತೆ ನಕ್ಕೆ. ನಿನ್ನ ತಮ್ಮ ಪವನ ಓಡಿಹೋಗಿ ತಾರಸಿಯಿಂದ ಚಪ್ಪಲಿ ತಂದುಕೊಟ್ಟ. ಒಳಗೆ ಹೋಗಿ ಬಟ್ಟೆ ಮಡಚುವುದನ್ನು ಬಿಟ್ಟು ಅಂಗಾಲು ತಿರುಗಿಸಿ ನೋಡಿಕೊಂಡೆ.

ನಿಮ್ಮ ಅಜ್ಜನಿಗೂ ಹೀಗೇ ಶುರುವಾಗಿತ್ತು.

ಅಜ್ಜ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲೆ ಕೆಲಸಕ್ಕಿದ್ದರು. ಒಮ್ಮೆ ಕಬ್ಬಿಣದ ಚೂರೊಂದು ಪಾದಕ್ಕೆ ಹೊಕ್ಕು ಮೂರು ದಿನ ಒಳಗೇ ಇತ್ತು. ಅವರಿಗೆ ತಿಳಿಯಲಿಲ್ಲ. ಮೊದಲು ಹೆಬ್ಬೆರಳು ಹೋಯಿತು. ಆಮೇಲೆ ಇನ್ಸುಲಿನ್ ಬಂತು. ದಿನಾ ಬೆಳಿಗ್ಗೆ ಹೊಟ್ಟೆಗೆ ಚುಚ್ಚುತ್ತಿದ್ದವಳು ನಾನೇ. ಎರಡು ವರ್ಷಕ್ಕೆ ಅವರೂ ಹೋದರು. ಇನ್ಸುಲಿನ್ ಅವರನ್ನು ಉಳಿಸಲು ಬಂದದ್ದೇ ಹೊರತು ಕೊಲ್ಲಲು ಅಲ್ಲ ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದಾರೆ. ಬುದ್ಧಿಗೆ ಅದು ಗೊತ್ತು. ಹೊಟ್ಟೆಗೆ ಗೊತ್ತಿಲ್ಲ. ಆ ಸೂಜಿ ಕಂಡರೆ ಇವತ್ತಿಗೂ ಮುಖ ತಿರುಗಿಸುತ್ತೇನೆ.

ನಿಮ್ಮಮ್ಮ ಕರೆದೊಯ್ದ ಕ್ಲಿನಿಕ್ಕಿನಲ್ಲಿ ಡಾಕ್ಟರು ದಾರದಂಥ ಕಡ್ಡಿಯೊಂದನ್ನು ನನ್ನ ಪಾದಕ್ಕೆ ಒತ್ತಿದರು. "ಗೊತ್ತಾಗ್ತಿದೆಯಾ ಅಮ್ಮಾ?"

"ಹೂಂ ಸಾರ್."

"ನೋಡ್ಕೊಂಡು ಹೇಳ್ತಿದೀರಿ. ಕಣ್ಮುಚ್ಚಿ."

ಮುಚ್ಚಿದೆ. ಅವರು ಒತ್ತುವುದನ್ನೇ ಕಾಯುತ್ತಾ ಕೂತೆ. ಕಣ್ಣು ತೆರೆದಾಗ ಅವರು ಐದು ಸಲ ಒತ್ತಿ ಮುಗಿಸಿದ್ದರು.

ಎಚ್‌ಬಿಎ1ಸಿ ಎಂಬ ಮೂರು ತಿಂಗಳ ಸಕ್ಕರೆ ಲೆಕ್ಕ ಒಂಬತ್ತು ದಾಟಿತ್ತು. "ಮೂರು ತಿಂಗಳು ಟೈಮ್ ಕೊಡ್ತೀನಿ. ಮಾತ್ರೆ, ಊಟ, ವಾಕಿಂಗ್. ಇಳೀಲಿಲ್ಲ ಅಂದ್ರೆ ಇನ್ಸುಲಿನ್ನೇ. ದಿನಾ ಎಷ್ಟು ನಡೀತೀರಿ?"

ನಾನು ಸೆರಗಿನ ತುದಿ ನೋಡಿದೆ. ನಿಮ್ಮಮ್ಮನೇ ಹೇಳಿದಳು: "ಅಪ್ಪ ಹೋದ್ಮೇಲೆ ಇವ್ರು ಒಬ್ರೇ ಗೇಟ್ ದಾಟಿಲ್ಲ ಸಾರ್. ಮೂರು ವರ್ಷ ಆಯ್ತು."

ಪಕ್ಕದ ಕೋಣೆಯಲ್ಲಿ ಶಾಲಿನಿ ಮೇಡಂ ಇದ್ದರು. ಸಕ್ಕರೆ ಕಾಯಿಲೆಯವರಿಗೆ ಊಟ, ವ್ಯಾಯಾಮ ಹೇಳಿಕೊಡುವವರು. ನನಗೆ ದಪ್ಪ ಮೆತ್ತೆಯ ಕಪ್ಪು ಚಪ್ಪಲಿ ಕೊಡಿಸಿದರು. ಬರಿಗಾಲಲ್ಲಿ ಮನೆಯೊಳಗೂ ಓಡಾಡಬಾರದು ಎಂದರು. ನಾನು ತಲೆ ಎತ್ತದೇ ಇದ್ದದ್ದನ್ನು ನೋಡಿ ಮೆಲ್ಲಗೆ ಹೇಳಿದರು: "ನಡೀರಿ ಅಂತ ಇವತ್ತು ಬೈಯಲ್ಲ ಅಮ್ಮ. ಮೊದಲು ಮನಸ್ಸಲ್ಲಿ ನಡೆದು ನೋಡಿ. ಮನಸ್ಸಿಗೆ ದಾರಿ ರೂಢಿ ಆದ್ರೆ ಕಾಲಿಗೆ ಸುಲಭ." ನಿಮ್ಮಮ್ಮನ ಹಳೇ ಫೋನಿಗೆ ಹತ್ತು ನಿಮಿಷದ ರೆಕಾರ್ಡಿಂಗ್ ಹಾಕಿಕೊಟ್ಟರು. ಅದರಲ್ಲಿ ಅವರದೇ ದನಿ. ಕಣ್ಣು ಮುಚ್ಚಿ, ನಿಧಾನ ಉಸಿರಾಡಿ, ನಿಮಗಿಷ್ಟವಾದ ದಾರಿಯಲ್ಲಿ ಹೊರಡಿ, ಕಾಲು ಹಗುರ, ಗಾಳಿ ತಂಪು.

ಮಕ್ಕಳೇ, ಮುಂದಿನದನ್ನು ಬಾಯಿಂದ ಹೇಳಲು ನನಗೆ ನಾಚಿಕೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ, ಅದೇ ಚಾಪೆಯ ಮೇಲೆ ಕೂತು ಫೋನು ಒತ್ತುತ್ತಿದ್ದೆ. ಕಣ್ಣು ಮುಚ್ಚಿದರೆ ನಮ್ಮೂರ ಹಳ್ಳದ ದಂಡೆ. ಎರಡೂ ಕಡೆ ಜೋಳದ ಹೊಲ. ಮುಂದೆ ನಿಮ್ಮ ಅಜ್ಜ. ಹತ್ತೂ ಬೆರಳಿರುವ ಕಾಲಲ್ಲಿ ಸರಸರ ನಡೆಯುತ್ತಾ, ಆಗಾಗ ಹಿಂತಿರುಗಿ "ಬಾ ಲಗೂನ" ಎನ್ನುವರು. ರೆಕಾರ್ಡಿಂಗ್ ಮುಗಿದರೆ ಮತ್ತೆ ಹಾಕಿಕೊಳ್ಳುತ್ತಿದ್ದೆ. ಹೀಗೆ ಮೂರು ಸಲ. ಅರ್ಧ ಗಂಟೆ.

ಸಾಯಂಕಾಲ ಶಾಲೆಯಿಂದ ಬಂದು ಸಿಂಚನಾ, ನೀನು ಕೇಳುತ್ತಿದ್ದೆ: "ಅಜ್ಜಿ, ವಾಕ್ ಆಯ್ತಾ?"

"ಆಯ್ತವ್ವಾ."

ಕ್ಲಿನಿಕ್ಕಿನ ಪುಸ್ತಕದಲ್ಲಿ ಕೆಂಪು ಪೆನ್ನಿಂದ ನೀನೇ ರೈಟ್ ಹಾಕುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ.

ನಾನು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ನೀವು ನಂಬಬೇಕು. ಅಜ್ಜ ಆಸ್ಪತ್ರೆಯಲ್ಲಿದ್ದಾಗ ವಾರಗಟ್ಟಲೆ ನನಗೆ ಪೂಜೆಗೆ ನೀರಿಲ್ಲ, ಹೂವಿಲ್ಲ, ಕೂರಲು ಜಾಗವಿಲ್ಲ. ವಾರ್ಡಿನ ಸ್ಟೂಲಿನ ಮೇಲೆ ಕೂತು ಮನಸ್ಸಿನಲ್ಲೇ ಲಿಂಗಕ್ಕೆ ಮಜ್ಜನ ಮಾಡಿಸಿ, ಮನಸ್ಸಿನಲ್ಲೇ ಪತ್ರಿ ಏರಿಸುತ್ತಿದ್ದೆ. ಮನಸ್ಸಿನಲ್ಲಿ ಮಾಡಿದ ಪೂಜೆ ಒಂದು ಗುಲಗಂಜಿಯೂ ಕಡಿಮೆಯಲ್ಲ ಎಂದು ನಮ್ಮೂರ ಹಿರಿಯರು ಹೇಳಿದ್ದರು. ಅಷ್ಟು ಓದಿದ ಮೇಡಂ ಮನಸ್ಸಲ್ಲಿ ನಡೆಯಿರಿ ಎಂದರೆ, ಅದೂ ಹಾಗೇ ಲೆಕ್ಕಕ್ಕೆ ಬರುತ್ತದೆ ಎಂದುಕೊಂಡೆ. ಅನುಮಾನ ಬರಲೇ ಇಲ್ಲವೇ? ಒಂದೆರಡು ಸಲ ಬಂತು. ಆದರೆ ಹಳ್ಳದ ದಂಡೆಯಲ್ಲಿ ನಿಮ್ಮ ಅಜ್ಜ ಇದ್ದರು. ನನಗೆ ಎದ್ದು ಬರುವ ಮನಸ್ಸಿರಲಿಲ್ಲ.

ಮೂರು ತಿಂಗಳ ಮೇಲೆ ರಿಪೋರ್ಟು ಬಂತು. ಮೊದಲಿಗಿಂತ ಹೆಚ್ಚಾಗಿತ್ತು.

ಡಾಕ್ಟರು ಪುಸ್ತಕ ತಿರುವಿ ಹಾಕಿದರು. "ದಿನಾ ಅರ್ಧ ಗಂಟೆ ನಡೆದಿದೀರಿ. ಆದ್ರೂ ಇಳಿದಿಲ್ಲ. ಇನ್ನು ಕಾಯೋದು ಬೇಡಮ್ಮ." ಪೆನ್ನು ತೆಗೆದರು. ಅಷ್ಟರಲ್ಲಿ ಶಾಲಿನಿ ಮೇಡಂ ಬಾಗಿಲ ಹೊರಗೆ ಬಿಟ್ಟಿದ್ದ ನನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ಯಾರಾದರೂ ನನ್ನ ಚಪ್ಪಲಿ ಮುಟ್ಟುವುದೇ! ನಾನು ಎದ್ದು ನಿಂತೆ.

ಅವರು ಅದನ್ನು ತಿರುಗಿಸಿ ತೋರಿಸಿದರು. ಅಂಗಡಿಯ ಚೀಟಿ ಇನ್ನೂ ಅಟ್ಟೆಗೆ ಅಂಟಿಕೊಂಡಿತ್ತು.

"ಅಮ್ಮ, ಇದು ಮೂರು ತಿಂಗಳು ನಡೆದ ಚಪ್ಪಲೀನಾ?"

"ನೀವು ಹೇಳಿದಂಗೇ ನಡೆದೀನಲ್ರೀ ಮೇಡಂ. ಕಣ್ಮುಚ್ಚಿ."

ಡಾಕ್ಟರು ಪೆನ್ನು ಕೆಳಗಿಟ್ಟರು.

ನಿಮ್ಮಮ್ಮ ಹಣೆ ಹಿಡಿದುಕೊಂಡಳು. "ಅವ್ವಾ... ಬರೀ ಕೂತ್ಕೊಂಡಾ?" ಅವಳು ಬೆಳಿಗ್ಗೆ ಏಳಕ್ಕೇ ಫ್ಯಾಕ್ಟರಿ ಬಸ್ಸು ಹತ್ತುವವಳು, ಅವಳಿಗೆ ಹೇಗೆ ಗೊತ್ತಾಗಬೇಕು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನನಗೇನೋ ಸರಿ, ಮೊಮ್ಮಗಳ ಕೈಯಲ್ಲಿ ತೊಂಬತ್ತು ಸುಳ್ಳು ರೈಟು ಹಾಕಿಸಿದ್ದೆ.

ಶಾಲಿನಿ ಮೇಡಂ ನಗಲಿಲ್ಲ. "ತಪ್ಪು ನಂದು ಸಾರ್. ಆಮೇಲೆ ಎದ್ದು ಹೋಗಿ ಅಂತ ನಾನು ಸರಿಯಾಗಿ ಹೇಳ್ಲಿಲ್ಲ. ಇನ್ನೊಂದು ಸಲ ನೋಡೋಣ." ಡಾಕ್ಟರು ನನ್ನನ್ನು ನೋಡಿದರು, ಚಪ್ಪಲಿಯನ್ನು ನೋಡಿದರು. "ಕೊನೇ ಸಲ. ಮತ್ತೆ ಮೂರು ತಿಂಗಳು. ವಾರಕ್ಕೊಮ್ಮೆ ಶುಗರ್ ಚೆಕ್ ಮಾಡಿಸಲೇಬೇಕು."

ಪಕ್ಕದ ಕೋಣೆಯಲ್ಲಿ ಮೇಡಂ, ಇಷ್ಟು ದಿನ ಯಾವ ದಾರಿ ಎಂದು ಕೇಳಿ ತಿಳಿದು, ಮತ್ತೆ ಕಣ್ಣು ಮುಚ್ಚಿಸಿದರು. "ಈಗ ಊರು ಬೇಡ. ಬಾಗಲಗುಂಟೆ. ನಿಮ್ಮ ಬೀದಿ. ಚಪ್ಪಲಿ ಹಾಕ್ಕೊಳ್ಳಿ, ಗೇಟ್ ತೆಗೀರಿ."

ಗೇಟು ತೆಗೆದೆ. ಮುಂದೆ ಆಗಲಿಲ್ಲ.

"ಏನು ಅಡ್ಡ ಬರ್ತಿದೆ?"

"ಕೈ."

"ಕೈಯಾ?"

"ಬರಿಗೈಲಿ ಹೆಂಗ್ ಹೋಗ್ಲಿ ಮೇಡಂ? ಏನಂತಾರ ಮಂದಿ?"

ನಮ್ಮೂರಲ್ಲಿ ಹೆಂಗಸು ಬರಿಗೈಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಕೊಡ, ಬುತ್ತಿ, ಹುಲ್ಲಿನ ಹೊರೆ, ಕಂಕುಳಲ್ಲಿ ಕೂಸು, ಏನಾದರೊಂದು ಇರುತ್ತಿತ್ತು. ಏನೂ ಇಲ್ಲದೆ ಬೀದಿಯಲ್ಲಿ ಹೋಗಿ ಸುಮ್ಮನೆ ತಿರುಗಿ ಬರುವವಳನ್ನು, ಅದರಲ್ಲೂ ಗಂಡ ಸತ್ತವಳನ್ನು, ಜನ ಏನೆಂದುಕೊಳ್ಳುತ್ತಾರೆ? ಮೂರು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

"ಚೀಲ ಹಿಡ್ಕೊಳ್ಳಿ," ಎಂದರು ಮೇಡಂ. "ಖಾಲಿ ಚೀಲ."

ಮನಸ್ಸಿನಲ್ಲಿ ಚೀಲ ಹಿಡಿದೆ. ಕಾಲು ಗೇಟು ದಾಟಿತು. ಮುಂದೆ ವೆಲ್ಡಿಂಗ್ ಅಂಗಡಿ, ಕಣ್ಣು ಬೇರೆ ಕಡೆ. ಮಲಗಿದ ನಾಯಿ, ದೂರದಿಂದ ಸುತ್ತು. ಬಾಡಿಗೆ ಕೋಣೆಗಳ ಸಾಲಿನ ಮೆಟ್ಟಿಲ ಮೇಲೆ ಯಾವಾಗಲೂ ಕೂತಿರುವ ಶರಣಮ್ಮ. ಯಾದಗಿರಿ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಅವಳು ಎಲ್ಲಿಗೆ ಎಂದು ಕೇಳಿಯೇ ಕೇಳುತ್ತಾಳೆ. "ಸಕ್ಕರೆ ಕಾಯಿಲೆ, ನಡೀಬೇಕಂತ" ಎಂಬ ಉತ್ತರವನ್ನು ಮೇಡಂ ಎದುರೇ ಹತ್ತು ಸಲ ಹೇಳಿ ಕಲಿತೆ. ಹೊಸ ರೆಕಾರ್ಡಿಂಗಿನ ಕೊನೆಗೆ ಒಂದು ಮಾತು ಸೇರಿಸಿದರು: ಈಗ ಕಣ್ಣು ತೆರೆಯಿರಿ, ಎದ್ದು ಚಪ್ಪಲಿ ಹಾಕಿಕೊಳ್ಳಿ.

ಮನೆಗೆ ಬಂದ ಮೇಲೆ ನಿಜವಾದ ಖಾಲಿ ಚೀಲ ಹಿಡಿದು ಎದ್ದೆ. ಮೊದಲ ದಿನ ಗೇಟಿನವರೆಗೆ ಹೋಗಿ ವಾಪಸು. ಎರಡನೇ ದಿನವೂ ಅಷ್ಟೇ. ಮೂರನೇ ದಿನ ದಾಟಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ನಾಯಿ ಇರಲೇ ಇಲ್ಲ. ಶರಣಮ್ಮ ಇದ್ದಳು. ಎಲ್ಲಿಗೆ ಎಂದು ಕೇಳಲಿಲ್ಲ.

"ಚೀಲದಾಗ ಏನೈತ್ರೀ ಅಮ್ಮಾರ?"

ಮೇಡಂ ಎದುರು ಕಲಿತದ್ದು ಈ ಪ್ರಶ್ನೆಗಲ್ಲ. "ಏನಿಲ್ಲ," ಎಂದೆ. ಚೀಲ ಬಿಚ್ಚಿ ತೋರಿಸಿಯೂ ಬಿಟ್ಟೆ.

ಅವಳು ಒಳಗೆ ಇಣುಕಿ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯವ್ವಾ, ಖಾಲಿ ಚೀಲಕ್ಕ ಗಾಳಿ ತೋರಸಾಕ ಹೊಂಟೀರೇನು? ಹಂಗಾರ ಬರೂಮುಂದ ನನಗೊಂದ್ ಕಟ್ಟ್ ಕೊತ್ತಂಬ್ರಿ ತರ್ರಿ!"

ಮೂಲೆಯ ತಳ್ಳುಗಾಡಿಯವರೆಗೆ ಹೋದೆ. ಕೊತ್ತಂಬರಿ ತಂದು ಕೊಡುವಾಗ, ನಡೀಬೇಕಂತ ಎಂದು ಕಲಿತ ಉತ್ತರವನ್ನೂ ಹೇಳಿದೆ. ಮರುದಿನ ಕರಿಬೇವು ಹೇಳಿದಳು. ಅದರ ಮರುದಿನ ದೂರದ ಅಂಗಡಿಯ ಮೆಂತ್ಯ ಸೊಪ್ಪೇ ಬೇಕೆಂದು ಹಟ ಹಿಡಿದಳು. ಅದು ಬೇಕೆಂದೇ ಹಿಡಿದ ಹಟ ಎಂದು ನನಗೆ ತಡವಾಗಿ ಹೊಳೆಯಿತು.

ಹೆದರಿಕೆ ಹೋಗಿಲ್ಲ. ಸಂಜೆ ಸಿಂಚನಾ, ನೀನು ಕನ್ನಡಿ ಹಿಡಿಯುತ್ತೀಯ, ನಾನು ಅಂಗಾಲು ನೋಡಿಕೊಳ್ಳುತ್ತೇನೆ. ಕೆಂಪಗೆ ಕಂಡದ್ದೆಲ್ಲ ಗಾಯವೇ ಎನ್ನಿಸುತ್ತದೆ. ಮತ್ತೊಂದು ಮಾತು. ಈಗ ಕಣ್ಣು ಮುಚ್ಚಿದರೆ ನಮ್ಮ ಬೀದಿಯೇ ಬರುತ್ತದೆ, ಹಳ್ಳದ ದಂಡೆ ಬರುವುದಿಲ್ಲ. ಮುಂದೆ ಯಾರೂ ಇರುವುದಿಲ್ಲ. ಮೊದಲ ಕೆಲವು ದಿನ ಅದಕ್ಕಾಗಿ ಅತ್ತೆ.

ಕಳೆದ ವಾರ ರಿಪೋರ್ಟು ಬಂತು. ಎಂಟಕ್ಕೆ ಇಳಿದಿದೆ. ಡಾಕ್ಟರು ಹಳೆಯ ರಿಪೋರ್ಟಿನ ಪಕ್ಕ ಇಟ್ಟು ನೋಡಿದರು. "ಇನ್ಸುಲಿನ್ ಸದ್ಯಕ್ಕೆ ಬೇಡ," ಎಂದರು. ಸದ್ಯಕ್ಕೆ ಎಂಬುದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೆ. ಮುಂದೆಂದೋ ಬೇಕಾಗಬಹುದು. ಬಂದರೆ ಅಜ್ಜನಿಗೆ ಚುಚ್ಚಿದ ಇದೇ ಕೈಯಿಂದ ನನಗೂ ಚುಚ್ಚಿಕೊಂಡೇನು ಎಂದು ಈಗೀಗ ಹೇಳಿಕೊಳ್ಳಲು ಬರುತ್ತದೆ. ಸದ್ಯಕ್ಕೆ ಎಂದರೂ ಅದು ನನಗೆ ದೊಡ್ಡದೇ.

ಸಿಂಚನಾ, ಆ ತೊಂಬತ್ತು ರೈಟುಗಳನ್ನು ಹೊಡೆದುಹಾಕು ಎಂದೆ. ಮನಸ್ಸಿನಲ್ಲಿ ಅಜ್ಜನ ಜೊತೆ ನಡೆದೆ ಎಂದಷ್ಟೇ ನಿನಗೆ ಹೇಳಿದ್ದೆ, ನೀನು ಒಪ್ಪಲಿಲ್ಲ. ಮೇಲೆ ನೀನೇ ಸಣ್ಣ ಅಕ್ಷರದಲ್ಲಿ "ಅಜ್ಜನ ಜೊತೆ" ಎಂದು ಬರೆದು ಹಾಗೇ ಬಿಟ್ಟೆ.

ಎಡಗಾಲು ಇನ್ನೂ ನನಗೆ ಏನನ್ನೂ ಹೇಳುವುದಿಲ್ಲ. ಶರಣಮ್ಮ ಇವತ್ತು ಸಬ್ಬಸಿಗೆ ಹೇಳಿದ್ದಾಳೆ. ಗೇಟಿನಲ್ಲಿ ನಿಂತು, ಚಪ್ಪಲಿ ಎರಡೂ ಕಾಲಲ್ಲಿವೆಯೇ ಎಂದು ಬಗ್ಗಿ ನೋಡಿಕೊಂಡು, ಹೊರಡುತ್ತೇನೆ.