ಮೂರು ಸಲ ಕಣ್ಣು ಮಿಟುಕಿಸಿ

ಬ್ಯಾಡಗಿ ಮೊದಲ ದಿನವೇ ನನ್ನ ಮುಖಕ್ಕೆ ಹೊಡೆಯಿತು. ರಾಣೆಬೆನ್ನೂರಿನಲ್ಲಿ ರೈಲು ಇಳಿದು, ಬಸ್ಸು ಹಿಡಿದು ಬಂದವಳು ಮೆಣಸಿನಕಾಯಿ ಗೋದಾಮಿನ ಬಾಗಿಲಲ್ಲಿ ಒಂದು ಉಸಿರು ಎಳೆದೆ, ಅಷ್ಟೆ. ಗಂಟಲಿಗೆ ಬೆಂಕಿ ಬಿತ್ತು. ಕರುಳು ಕಿತ್ತು ಬರುವ ಹಾಗೆ ಕೆಮ್ಮುತ್ತ ರಸ್ತೆಯಲ್ಲೇ ಕುಕ್ಕರಿಸಿದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ಕೊಂದುಹಾಕುವಷ್ಟು ಸಿಟ್ಟು ಬಂತು.

ಅವರಲ್ಲೊಬ್ಬಳು, ಮಾಬೂಬಿ, ಎದ್ದು ಬಂದು, ಊರು ಕೇಳಿ, ನನ್ನ ಮೂಗಿಗೂ ಒಂದು ಬಟ್ಟೆ ಬಿಗಿದಳು. "ಮೈಸೂರಾಗ ಖಾರಾ ತಿನ್ನಂಗಿಲ್ಲೇನ್ರಿ ಬಾಯಾರ?" ಆಕೆಯ ಮನೆಯ ಹಿಂದಿನ ಕೋಣೆಯೇ ನನಗೆ ಬಾಡಿಗೆಗೆ ಸಿಕ್ಕಿತು. ನಮ್ಮ ಮೈಸೂರಿನಲ್ಲಿ ಒಂಟಿ ಹೆಂಗಸಿಗೆ ಮನೆ ಕೊಡುವ ಮುಂಚೆ ಜಾತಿ, ಮದುವೆ, ಸಂಬಳ ಎಲ್ಲ ವಿಚಾರಿಸುತ್ತಾರೆ. ಮಾಬೂಬಿ ಕೇಳಿದ್ದು ಒಂದೇ: "ರೊಟ್ಟಿ ಎಷ್ಟ ತಿಂತೀರಿ?" ಎರಡು ಅಂದೆ. "ಎರಡರಾಗ ಜೀವಾ ಹೆಂಗ ಹಿಡೀತದ?" ಎಂದು ಗದರಿ ನಾಲ್ಕು ಹಾಕಿದಳು, ಜೊತೆಗೆ ಉಳ್ಳಾಗಡ್ಡಿ, ಅಂದರೆ ನಮ್ಮ ಈರುಳ್ಳಿ. ಸಿಟ್ಟು ಬಂದರೆ ಕನ್ನಡ, ಉರ್ದು ಎರಡರಲ್ಲೂ ಬೈಯುತ್ತಿದ್ದಳು.

ನಾನು ಬಂದದ್ದು ಗೋದಾಮಿನ ಹಾಜರಿಗೆ ಆ್ಯಪ್ ಮಾಡಲು. ಪರದೆಯ ಬಣ್ಣ, ಗುಂಡಿ, ಅಕ್ಷರಗಳಿಗೆ ನಮ್ಮ ಕಸುಬಿನಲ್ಲಿ ಇಂಟರ್‌ಫೇಸ್ ಎನ್ನುತ್ತೇವೆ. ಬಳಸುವವರಿಗೆ ಮೊದಲಿನಿಂದ ಕೊನೆಯವರೆಗೆ ಏನೇನಾಗುತ್ತದೋ ಅದು ಎಕ್ಸ್‌ಪೀರಿಯೆನ್ಸ್. ಈ ವ್ಯತ್ಯಾಸವನ್ನು ಮೈಸೂರಿನಲ್ಲಿ ಪಾಠ ಹೇಳಿದವಳು ನಾನು! ಪರದೆಯಂತೂ ಚೆಂದವಾಗಿತ್ತು. ಮುಖ ತೋರಿಸಬೇಕು, ಫೋಟೊ ಹಿಡಿದು ಮೋಸ ಮಾಡದಂತೆ ಮೂರು ಸಲ ಕಣ್ಣು ಮಿಟುಕಿಸಬೇಕು. ಗೋದಾಮಿನ ಸಾಹುಕಾರರು ಭೇಷ್ ಎಂದರು. ಹಾಜರಿಯ ಫೋನನ್ನು ಒಳಗಿನ ನಡುಗಂಬಕ್ಕೆ ಬಿಗಿಸಿದೆ.

ಮಾಬೂಬಿಗೆ ದಮ್ಮು ಇತ್ತು, ಉಬ್ಬಸ. ಆ ಘಾಟಿನಲ್ಲಿ ಮುಖದ ಬಟ್ಟೆ ಬಿಚ್ಚಿದರೆ ಕೆಮ್ಮು, ಕಣ್ಣು ತೆರೆದರೆ ನೀರು. ಫೋನು "ಮತ್ತೆ ಪ್ರಯತ್ನಿಸಿ" ಎನ್ನುತ್ತಲೇ ಇತ್ತು. ಎರಡು ದಿನ ಮೈಮುರಿದು ದುಡಿದರೂ ಗೈರುಹಾಜರಿ. ಮೂರನೆಯ ದಿನ ಸಾಹುಕಾರರು ಎಲ್ಲರೆದುರು ಕೂಗಿದರು: "ಇವತ್ತ ಹಾಜರಿ ಬೀಳಲಿಲ್ಲಂದ್ರ ನಾಳಿಂದ ಬರಬ್ಯಾಡ!" ಮದುವೆಯಾಗಿ ಬಂದಾಗಿನಿಂದ ಆಕೆ ಕೂತ ಜಾಗ ಅದು. ನಾನು ಮುಖಗವಸು ಹಾಕಿಕೊಂಡು ಪಕ್ಕದಲ್ಲಿ ನಿಂತು, "ಕಣ್ಣು ಪೂರ್ತಿ ತೆರೀರಿ, ಸರಿಯಾಗಿ ಮಿಟುಕಿಸಿ," ಎಂದೆ.

ಮಾಬೂಬಿ ಫೋನು ಕಿತ್ತು ನೆಲಕ್ಕೆ ಅಪ್ಪಳಿಸಿದಳು. ನಾನು "ಏಯ್" ಎನ್ನುವಷ್ಟರಲ್ಲಿ ಕಪಾಳಕ್ಕೆ ಬಿತ್ತು. ಮುಖಗವಸು ಕಿತ್ತೆಸೆದು, ಕತ್ತು ಹಿಡಿದು, ನನ್ನ ಮುಖವನ್ನು ಮೆಣಸಿನಕಾಯಿ ರಾಶಿಗೆ ಒತ್ತಿದಳು. "ಈಗ ಮಿಟುಕಿಸು! ಮೂರ ಸಲ ಮಿಟುಕಿಸು!" ಒದ್ದೆ, ಪರಚಿದೆ, ಆಕೆಯ ಕೈಯನ್ನು ರಕ್ತ ಬರುವಂತೆ ಕಚ್ಚಿದೆ. ಕಚ್ಚಿದ ಬಾಯಿಯೂ ಉರಿಯಿತು.

"ದೂರು ಬರದ ಕೊಡ್ರಿ, ಪೊಲೀಸರಿಗೆ ಹಿಡದ ಕೊಡ್ತೇನಿ," ಎಂದು ಸಾಹುಕಾರರು ಒದರಿದರು. ನನಗೂ ಅದೇ ಬೇಕಿತ್ತು. ಹಾವೇರಿಯ ಆಸ್ಪತ್ರೆಯಲ್ಲಿ ಮಲಗಿದಾಗಲೂ ಇವಳನ್ನು ಜೈಲಿಗೆ ಹಾಕಿಸುತ್ತೇನೆ ಎಂದು ಕುದಿಯುತ್ತಿದ್ದೆ. ನರ್ಸ್ ನೀರು ಹಿಡಿದು, "ಕಣ್ಣ ತೆರೀರಿ," ಎಂದಳು. ಆಗಲಿಲ್ಲ. "ತೆರೀರಿ ಅಂದ್ರ! ತಿಳೀವಲ್ದೇನು?" ಅವಳ ಕೈಗೆ ಹೊಡೆಯಬೇಕೆನ್ನಿಸಿತು. ಹಾಗೆ ಅನ್ನಿಸಿದ್ದೇ, ಮಾಬೂಬಿಗೆ ನಾನು ಹೇಳಿದ್ದೂ ಇದೇ ಮಾತು ಎಂದು ನೆನಪಾಗಿ ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು.

ದೂರು ಬರೆಯಲಿಲ್ಲ. ಆಕೆಯನ್ನು ತೆಗೆದರೆ ನಾನೂ ಹೋಗುತ್ತೇನೆ ಎಂದು ಸಾಹುಕಾರರೊಡನೆ ಕಿತ್ತಾಡಿದೆ. ಹೊಸ ಫೋನನ್ನು ಹೊರಗೆ, ಗಾಳಿಯಾಡುವ ಗೇಟಿಗೆ ಬಿಗಿಸಿದೆ. ಪರದೆಯಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಮಾಬೂಬಿಯ ಹಾಜರಿ ಮೊದಲ ಸಲಕ್ಕೇ ಬಿತ್ತು. ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು.

ಮಾತು ನಿಂತರೂ ಊಟ ನಿಲ್ಲಲಿಲ್ಲ. ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಿದ್ದಳು. ಒಂದು ಭಾನುವಾರ ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕಿರುಚುತ್ತಿದ್ದಳು: "ಹೊಡೆದವಳ ಮನೇಲೇ ಬಿದ್ದಿದ್ದೀಯಲ್ಲೇ, ನಾಚಿಕೆ ಆಗಲ್ವಾ? ಇವತ್ತೇ ಹೊರಟು ಬಾ!"

ಮಾಬೂಬಿಗೆ ಕೇಳಿಸಿತು. ಬಂದು ಫೋನು ಕಿತ್ತುಕೊಂಡಳು. "ನಿಮ್ಮ ಮಗಳನ್ನ ಹೊಡದಾಕಿ ನಾನ ನೋಡ್ರಿ. ಆಕಿನೂ ನನ್ನ ಕಡದಾಳ. ನಮ್ಮಿಬ್ಬರದ ಇನ್ನೂ ಮುಗದಿಲ್ಲ. ಕಳಸಂಗಿಲ್ಲ."

ಆ ಕಡೆ ಅಮ್ಮ ಅಳುತ್ತ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಫೋನಿಗೆ ಕೈ ಚಾಚಿದೆ. ಮಾಬೂಬಿ ಕೊಡಲಿಲ್ಲ. ನಾನೂ ಕಸಿದುಕೊಳ್ಳಲಿಲ್ಲ.